ಹದಿನೈದರ ಹುಡುಗರ ಕತೆ ನಮಗೂ ಬೇಕು

ಹದಿನೈದು ವರ್ಷದವರಿಗೆ ಅಂತ ಬರೆದ ಕಾದಂಬರಿಯನ್ನು ನಲವತ್ತು ದಾಟಿದವರು ಓದಬೇಕಾ? ಅವರಿಗೆ ಅಂತ ತೆಗೆದ ಸಿನಿಮಾ ನೋಡಬೇಕಾ? ಓದಬೇಕು, ನೋಡಬೇಕು ಅನ್ನುವವಳು ನಾನು. ಹದಿನೈದು ವರ್ಷದವರ ಬದುಕಿನ ದೊಡ್ಡ ತೀರ್ಮಾನಗಳೆಲ್ಲ ನಮ್ಮ ಕೈಯಲ್ಲಿವೆ. ಸೈನ್ಸ್ ತಗೋಬೇಕೋ ಆರ್ಟ್ಸ್ ತಗೋಬೇಕೋ, ಯಾರ ಜೊತೆ ಓಡಾಡಬೇಕು, ರಾತ್ರಿ ಎಷ್ಟು ಗಂಟೆಗೆ ಮೊಬೈಲ್ ಕೊಡಬೇಕು, ಮುಂದೆ ಓದಿಸೋದಾ ಮದುವೆ ನೋಡೋದಾ, ಎಲ್ಲ ನಾವೇ ಹೇಳುವವರು. ಇಷ್ಟೆಲ್ಲ ಅಧಿಕಾರ ಇಟ್ಟುಕೊಂಡವರು ಆ ವಯಸ್ಸಿನ ಒಳಗಿನ ಮಾತನ್ನು, ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಬೇಕು ಅಲ್ವಾ? ಮಗಳು ಎದುರಿಗೆ ಕೂತು ಮಾತಾಡಿದರೆ ಎರಡನೇ ವಾಕ್ಯಕ್ಕೇ ನಾವು ಬುದ್ಧಿ ಹೇಳೋಕೆ ಶುರು ಮಾಡುತ್ತೇವೆ. ಪುಸ್ತಕಕ್ಕೆ ಬುದ್ಧಿ ಹೇಳಲು ಆಗುವುದಿಲ್ಲ. ಕೊನೆಯವರೆಗೆ ಕೇಳಲೇಬೇಕು.

ನಾನು ಬಾಗಲಕೋಟೆಯ ನವನಗರದಲ್ಲಿರುವವಳು. ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ತವರು ಅಥಣಿ. ಅಲ್ಲಿಂದ ಅಣ್ಣನ ಮಗಳು ಪಿಯುಸಿ ಓದಲು ನಮ್ಮ ಮನೆಗೆ ಬಂದಳು. ಟ್ರಂಕಿನಲ್ಲಿ ಬಟ್ಟೆಗಿಂತ ಪುಸ್ತಕ ಜಾಸ್ತಿ. ಓದಿದ್ದನ್ನು ಅಡುಗೆಮನೆ ಕಟ್ಟೆ ಮೇಲೆ, ಟಿವಿ ಮೇಲೆ, ಹಿತ್ತಿಲ ಮೆಟ್ಟಿಲ ಮೇಲೆ ಬಿಟ್ಟು ಹೋಗುವ ಅಭ್ಯಾಸ ಅವಳದು. ಹಾಗೆ ಬಿಟ್ಟಿದ್ದನ್ನು ನಾನು ಕೈಗೆತ್ತಿಕೊಂಡೆ. ಒಂದು ದಿನ ಕೆಲಸಕ್ಕೂ ಒಯ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಜೊತೆಯವರೊಬ್ಬರು ಹೊದಿಕೆ ನೋಡಿ ಕೇಳಿದರು: "ಮೇಡಂ, ಇವು ಸಾಲಿ ಹುಡುಗರು ಓದೂವಲ್ಲೇನ್ರಿ? ನಿಮಗ್ಯಾಕ ಬೇಕು?" ಅವರು ಚೇಷ್ಟೆಗೆ ಕೇಳಿರಲಿಲ್ಲ. ಆ ಪ್ರಶ್ನೆಗೆ ಕೂಲಂಕಷವಾಗಿ ಉತ್ತರ ಕೊಡಬೇಕು ಅಂತ ಅನ್ನಿಸಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅಂದು ಓದುತ್ತಿದ್ದದ್ದು ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್'. ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ಊರಿನ ಹುಡುಗಿ ಅದನ್ನು ಬರೆಯಲು ಶುರು ಮಾಡಿದಾಗ ಇನ್ನೂ ಹೈಸ್ಕೂಲಿನಲ್ಲಿದ್ದಳು. 1967ರಲ್ಲಿ ಪುಸ್ತಕ ಅಚ್ಚಾದಾಗ ಅವಳ ವಯಸ್ಸು 18. ಗಂಡುಹುಡುಗರ ಬೀದಿ ಜಗಳದ ಕತೆಯನ್ನು ಹುಡುಗಿ ಬರೆದಿದ್ದಾಳೆ ಅಂದರೆ ವಿಮರ್ಶಕರು ಓದುವ ಮೊದಲೇ ಬದಿಗಿಡಬಹುದು ಅಂತ ಪ್ರಕಾಶಕರು ಹೆಸರಿನ ಬದಲು ಬರೀ ಇನಿಷಿಯಲ್ ಹಾಕಿಸಿದರು. ಬಡವರ ಗುಂಪು, ಶ್ರೀಮಂತರ ಗುಂಪು, ಅವರ ನಡುವೆ ಹೊಡೆದಾಟ. ಕತೆ ಹೇಳುವ ಹುಡುಗನಿಗೆ 14. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ. ಮೂವರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಸರ್ಕಾರದವರು ತಮ್ಮನ್ನು ಬೇರೆ ಬೇರೆ ಕಡೆ ಕಳಿಸುತ್ತಾರೆ ಅನ್ನುವ ಹೆದರಿಕೆ ಅವರಿಗೆ ಪ್ರತಿ ದಿನ.

ಆ ಪುಸ್ತಕದಲ್ಲಿ ದೊಡ್ಡವರು ಬಹಳ ಕಡಿಮೆ. ಬಂದರೂ ಹೊರಗಿನವರ ಹಾಗೆ ಬಂದು ಹೋಗುತ್ತಾರೆ. ಮನೆ ನಡೆಸುವವನು ಇಪ್ಪತ್ತರ ಅಣ್ಣ. ಗಾಯಕ್ಕೆ ಪಟ್ಟಿ ಕಟ್ಟುವವರು, ಓಡಿಹೋದವನಿಗೆ ಊಟ ತರುವವರು, ಸಾಯುವವನ ಪಕ್ಕದಲ್ಲಿ ನಿಲ್ಲುವವರು ಎಲ್ಲ ಹುಡುಗರೇ. ನನ್ನ ಸೋದರಸೊಸೆ ಅದನ್ನು ಗೆಳೆತನದ ಕತೆ ಅಂತ ಓದಿದಳು. ನನಗೆ ಮಾತ್ರ ಪುಟಪುಟಕ್ಕೂ ಒಂದೇ ಪ್ರಶ್ನೆ: ಈ ಮಕ್ಕಳ ಊರಿನಲ್ಲಿ ದೊಡ್ಡವರು ಎಲ್ಲಿ ಹೋಗಿದ್ದರು? ಹದಿನಾರರಲ್ಲಿ ಓದುವವರಿಗೆ ಈ ಪ್ರಶ್ನೆ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ಇದು ನಮ್ಮ ವಯಸ್ಸಿನವರಿಗೆ ಏಳಬೇಕಾದ ಪ್ರಶ್ನೆ. ಅಂದರೆ ಅದೇ ಪುಸ್ತಕದಲ್ಲಿ ದೊಡ್ಡವರು ಮಾತ್ರ ಓದಬಲ್ಲ ಇನ್ನೊಂದು ಕತೆ ಇದೆ. ನಾವು ಓದದಿದ್ದರೆ ಅದು ಓದದೇ ಉಳಿಯುತ್ತದೆ.

ಈ ಕಾದಂಬರಿ ಸಿನಿಮಾ ಆದ ಬಗೆಯೂ ನನಗೆ ಇಷ್ಟ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕಡೆಯ ಒಂದು ಶಾಲೆಯ ಗ್ರಂಥಪಾಲಕಿ ಮತ್ತು ಮಕ್ಕಳು ಸೇರಿ, ಇದನ್ನು ನೀವೇ ತೆಗೆಯಬೇಕು ಅಂತ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರಿಗೆ ಪತ್ರ ಬರೆದರು. 'ಗಾಡ್‌ಫಾದರ್' ತೆಗೆದ ದೊಡ್ಡ ಮನುಷ್ಯ ಅವರು. ಮಕ್ಕಳ ಮಾತು ಅಂತ ಪತ್ರ ಬಿಸಾಡಲಿಲ್ಲ. 1983ರಲ್ಲಿ ಸಿನಿಮಾ ಬಂತು.

ವಯಸ್ಸಿನ ಪ್ರಕಾರ ಕತೆ ವಿಂಗಡಿಸುವ ಪದ್ಧತಿ ತುಂಬ ಹಳೆಯದೇನಲ್ಲ. ಅಮೆರಿಕದ ಗ್ರಂಥಾಲಯ ಸಂಘ ಹದಿಹರೆಯದವರಿಗೆ ಅಂತ ಪ್ರತ್ಯೇಕ ವಿಭಾಗ ಮಾಡಿದ್ದು 1957ರಲ್ಲಿ. 12ರಿಂದ 18ರವರೆಗಿನ ಓದುಗರು ಅವರ ಲೆಕ್ಕದಲ್ಲಿ. ಅದು ಒಳ್ಳೆಯ ಕೆಲಸವೇ. ಆ ವಯಸ್ಸಿನವರು ಲೈಬ್ರರಿಗೆ ಬಂದರೆ ಅವರಿಗೆ ಅಂತ ಒಂದು ಕಪಾಟು ಬೇಕು. ಆದರೆ ಯಾರಿಗೆ ಬೇಕು ಅಂತ ಹೇಳಲು ಅಂಟಿಸಿದ ಚೀಟಿ, ಯಾರು ಮುಟ್ಟಬಾರದು ಅನ್ನುವ ಚೀಟಿ ಆಗಬಾರದು.

ನಮ್ಮ ಕಡೆ ಇಂಥ ಕಪಾಟೇ ಇರಲಿಲ್ಲ. ನಮ್ಮ ತಲೆಮಾರಿನವರು ಬಾಲಮಂಗಳ, ಚಂದಮಾಮ ಮುಗಿಸಿ ನೇರ ದೊಡ್ಡವರ ಕಾದಂಬರಿಗೆ ಜಿಗಿದವರು. ಅವ್ವ ಓದಿಟ್ಟ ಸುಧಾ, ತರಂಗದ ಧಾರಾವಾಹಿಗಳನ್ನು ಎಂಟನೇತ್ತಾದಲ್ಲೇ ಓದುತ್ತಿದ್ದೆವು. ಗಂಡ ಹೆಂಡಿರ ಜಗಳ, ವಿಧವೆಯ ಸಂಕಟ, ಆಸ್ತಿ ವ್ಯಾಜ್ಯ ಎಲ್ಲ ಗೊತ್ತಾಗಿದ್ದು ಅಲ್ಲೇ. ಯಾರೂ ತಡೆಯಲಿಲ್ಲ. "ಹುಡುಗಿ ಶ್ಯಾಣ್ಯಾ ಅದಾಳ" ಅಂತ ಹೊಗಳಿದರು. ಸಣ್ಣವರು ದೊಡ್ಡವರ ಪುಸ್ತಕ ಓದಿದರೆ ಜಾಣತನ, ದೊಡ್ಡವರು ಸಣ್ಣವರ ಪುಸ್ತಕ ಓದಿದರೆ ಸಮಯ ಹಾಳು. ಈ ಲೆಕ್ಕ ನನಗೆ ಯಾವತ್ತೂ ತಾಳೆಯಾಗಿಲ್ಲ. ನಮ್ಮ ಜಾತ್ರೆಗಳಲ್ಲಿ ಶ್ರೀಕೃಷ್ಣ ಪಾರಿಜಾತ ಆಡಿದಾಗ ಮುದುಕರೂ ಮಕ್ಕಳೂ ಒಂದೇ ಚಾಪೆ ಮೇಲೆ ಕೂತು ಬೆಳಗಿನ ತನಕ ನೋಡಿಲ್ಲವಾ? ರುಕ್ಮಿಣಿ ಸತ್ಯಭಾಮೆಯರ ಜಗಳದಲ್ಲಿ ಅವರವರ ವಯಸ್ಸಿಗೆ ತಕ್ಕಂತೆ ಅವರವರಿಗೆ ಸಿಗುವುದು ಸಿಗುತ್ತಿತ್ತು.

ಇನ್ನು ಎದುರು ವಾದ. 2014ರಲ್ಲಿ ರೂತ್ ಗ್ರಹಾಂ ಎಂಬ ಲೇಖಕಿ ಅಮೆರಿಕದ 'ಸ್ಲೇಟ್' ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ನಿಮ್ಮಿಷ್ಟದ್ದು ಓದಿ, ಆದರೆ ಮಕ್ಕಳಿಗೆ ಬರೆದದ್ದನ್ನು ಓದುವಾಗ ದೊಡ್ಡವರಿಗೆ ಸ್ವಲ್ಪ ನಾಚಿಕೆ ಇರಬೇಕು ಅನ್ನುವುದು ಅವರ ಮಾತಿನ ಸಾರ. ಇಂಥ ಪುಸ್ತಕಗಳ ಕೊನೆ ಜಾಸ್ತಿ ಚೊಕ್ಕಟ, ಬದುಕು ಹಾಗಿರುವುದಿಲ್ಲ, ಹದಿಹರೆಯದವರ ಕಣ್ಣಿನಿಂದಷ್ಟೇ ನೋಡುವ ಕತೆ ದೊಡ್ಡವರ ವಿವೇಚನೆಗೆ ಕೆಲಸ ಕೊಡುವುದಿಲ್ಲ ಅನ್ನುವುದು ಅವರ ದೂರು. ಇದರಲ್ಲಿ ಸತ್ಯ ಇದೆ. ಸೋದರಸೊಸೆಯ ಟ್ರಂಕಿನಲ್ಲಿದ್ದ ಎಷ್ಟೋ ಪುಸ್ತಕಗಳನ್ನು ನಾನು ಅರ್ಧಕ್ಕೇ ಬಿಟ್ಟೆ. ಒಬ್ಬಳು ಹುಡುಗಿ, ಅವಳಲ್ಲಿ ಯಾರಿಗೂ ಇಲ್ಲದ ಶಕ್ತಿ, ಅವಳ ಹಿಂದೆ ಇಬ್ಬರು ಹುಡುಗರು, ಎದುರಿಗೆ ಒಂದು ಕೆಟ್ಟ ಸರ್ಕಾರ. ಒಂದು ಪುಸ್ತಕ ಗೆದ್ದಿತು ಅಂತ ಅದೇ ಅಚ್ಚಿನಲ್ಲಿ ಹತ್ತಾರು ತೆಗೆದಿದ್ದಾರೆ. ಅವನ್ನು ಯಾವ ವಯಸ್ಸಿನವರೂ ಓದಬೇಕಾಗಿಲ್ಲ.

ಆದರೆ ಚೊಕ್ಕಟ ಕೊನೆ ಹದಿಹರೆಯದ ಪುಸ್ತಕಗಳ ಆಸ್ತಿ ಏನಲ್ಲ. ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಮನೆಯಲ್ಲೂ ನಡೆಯುವ ಧಾರಾವಾಹಿ ನೋಡಿ. ದೊಡ್ಡವರಿಗೆ ಅಂತಲೇ ಮಾಡಿದ್ದು. ಕೆಟ್ಟ ಅತ್ತೆ ಕೊನೆಗೆ ಒಳ್ಳೆಯವಳಾಗಲೇಬೇಕು. ಅದಕ್ಕೆ ಯಾರೂ ನಾಚುವುದಿಲ್ಲ. ಹದಿಹರೆಯದವರ ಒಳ್ಳೆಯ ಕತೆಗಳು ಅಷ್ಟು ಸುಲಭಕ್ಕೆ ಸಮಾಧಾನ ಮಾಡುವುದಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಿನಿಮಾ ಇದೆ.

ಅಥಣಿ ಕಡೆಯವರಿಗೆ ಮಿರಜ, ಸಾಂಗಲಿ ಪಕ್ಕದ ಮನೆ ಇದ್ದ ಹಾಗೆ. ಮರಾಠಿ ಸಿನಿಮಾ ನಮಗೆ ಹೊರಗಿನದಲ್ಲ. ನಾಗರಾಜ ಮಂಜುಳೆ ನಮ್ಮ ವಿಜಯಪುರದ ಗಡಿಗೆ ತಾಗಿರುವ ಸೋಲಾಪುರ ಜಿಲ್ಲೆಯವರು. 2013ರಲ್ಲಿ ಅವರು ಮಾಡಿದ 'ಫ್ಯಾಂಡ್ರಿ' ಸಿನಿಮಾದ ನಾಯಕ ಜಬ್ಯಾ ಶಾಲೆಗೆ ಹೋಗುವ ಹುಡುಗ. ಕೈಕಾಡಿ ಸಮುದಾಯದವನು. ಜೊತೆಗೆ ಓದುವ ಮೇಲ್ಜಾತಿಯ ಹುಡುಗಿಯ ಮೇಲೆ ಅವನಿಗೆ ಆಸೆ. ಒಂದು ಕಪ್ಪು ಗುಬ್ಬಿ ಹಿಡಿದು ಸುಟ್ಟು ಅದರ ಬೂದಿ ಹಾಕಿದರೆ ಹುಡುಗಿ ಒಲಿಯುತ್ತಾಳೆ ಅಂತ ಯಾರೋ ಹೇಳಿದ್ದನ್ನು ನಂಬಿ ಕವಣೆ ಹಿಡಿದು ಬಯಲೆಲ್ಲ ಅಲೆಯುತ್ತಾನೆ. ಹೊಸ ಜೀನ್ಸ್ ಬೇಕು ಅವನಿಗೆ. ಮುಖ ಬೆಳ್ಳಗಾಗಬೇಕು. ಹದಿಹರೆಯದ ಹುಡುಗ ಏನೇನು ಬಯಸುತ್ತಾನೋ ಅಷ್ಟೇ ಬಯಸುತ್ತಾನೆ. ಊರು ಅವನ ಮನೆಯವರನ್ನು ಹಂದಿ ಹಿಡಿಯಲು ಕರೆಯುತ್ತದೆ.

ಆ ಹಂದಿ ಹಿಡಿಯುವ ಭಾಗ ಬಹಳ ಹೊತ್ತು ನಡೆಯುತ್ತದೆ. ಶಾಲೆಯ ಪಕ್ಕದಲ್ಲೇ. ಜೊತೆ ಓದುವವರು ಗೋಡೆ ಮೇಲೆ ಕೂತು ನಗುತ್ತಾರೆ. ಆ ಹುಡುಗಿಯೂ ನೋಡುತ್ತಿರುತ್ತಾಳೆ. ಜಬ್ಯಾ ಅವರ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ನಿಲ್ಲುತ್ತಾನೆ. ಅಪ್ಪ ಎಳೆದು ತರುತ್ತಾನೆ, ಹೊಡೆಯುತ್ತಾನೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಹಂದಿ ಹೋಗುತ್ತದೆ. ಕೊನೆಗೂ ಅದನ್ನು ಹಿಡಿದು ಬಿದಿರಿಗೆ ಕಟ್ಟಿ ಮನೆಯವರು ಹೊತ್ತು ನಡೆಯುವಾಗ ಹಿಂದಿನ ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ಅವರ ಚಿತ್ರಗಳು. ಕೀಟಲೆ ನಿಲ್ಲುವುದಿಲ್ಲ. ಆಮೇಲೆ ಜಬ್ಯಾ ಕಲ್ಲು ಎತ್ತಿಕೊಳ್ಳುತ್ತಾನೆ. ಕೊನೆಯ ಕಲ್ಲನ್ನು ನೇರವಾಗಿ ಕ್ಯಾಮೆರಾಗೆ ಎಸೆಯುತ್ತಾನೆ. ಅಂದರೆ ನಮಗೆ.

ಇದನ್ನು ಹದಿಹರೆಯದವರ ಸಿನಿಮಾ ಅನ್ನಬೇಕಾ, ದೊಡ್ಡವರ ಸಿನಿಮಾ ಅನ್ನಬೇಕಾ? ಕಣ್ಣು ಪೂರ್ತಿ ಹುಡುಗನದು. ನಾಚಿಕೆ ಹುಡುಗನದು. ಜಾತಿಯ ಬಗ್ಗೆ ನಾವು ಭಾಷಣ ಕೇಳಿದ್ದೇವೆ, ಲೇಖನ ಓದಿದ್ದೇವೆ. ಆದರೆ ಇಷ್ಟಪಟ್ಟ ಹುಡುಗಿಯ ಎದುರು ಹಂದಿಯ ಹಿಂದೆ ಓಡಬೇಕಾದ ಹದಿಹರೆಯದ ಮೈಯಲ್ಲಿ ಜಾತಿ ಹೇಗಿರುತ್ತದೆ ಅನ್ನುವುದು ಬೇರೆಯೇ. ದೊಡ್ಡವರ ಕತೆಯಲ್ಲಿ ಅಷ್ಟರ ಹೊತ್ತಿಗೆ ಮನುಷ್ಯ ಸಹಿಸುವುದನ್ನು ಕಲಿತಿರುತ್ತಾನೆ. ಜಬ್ಯಾನ ಅಪ್ಪ ಕಲಿತಿದ್ದಾನೆ. ಹುಡುಗ ಇನ್ನೂ ಕಲಿತಿಲ್ಲ. ಹದಿಹರೆಯದ ಕತೆಯ ಬೆಲೆ ಇರುವುದು ಇಲ್ಲಿ ಅಂತ ನನ್ನ ನಂಬಿಕೆ. ಅನ್ಯಾಯ ಇನ್ನೂ ರೂಢಿಯಾಗಿರುವುದಿಲ್ಲ. ಮೊದಲ ಸಲ ಕಂಡಾಗ ಎಷ್ಟು ಅಸಹ್ಯವಾಗಿ ಕಂಡಿತ್ತೋ ಹಾಗೇ ಕಾಣುತ್ತದೆ. ರೂಢಿ ಮಾಡಿಕೊಂಡ ನಮಗೆ ಅದು ಮತ್ತೆ ಕಾಣಬೇಕು. ಆ ಕಲ್ಲಿನ ಎದುರು ಹದಿನಾರರ ಮಕ್ಕಳನ್ನಷ್ಟೇ ಕೂರಿಸಿ ನಾವು ಎದ್ದು ಹೋಗುವುದು ಸರಿಯಲ್ಲ.

ಕನ್ನಡದಲ್ಲಿ 2023ರಲ್ಲಿ ಬಂದ 'ಡೇರ್‌ಡೆವಿಲ್ ಮುಸ್ತಫಾ' ಕೂಡ ಇದೇ ಸಾಲಿನದು, ದನಿ ಮಾತ್ರ ಬೇರೆ, ನಗಿಸುತ್ತ ಹೋಗುತ್ತದೆ. ತೇಜಸ್ವಿಯವರ ಕತೆ. ತೇಜಸ್ವಿಯವರ ಓದುಗರೇ ಸೇರಿ ದುಡ್ಡು ಹಾಕಿ ಮಾಡಿದ ಸಿನಿಮಾ. ಕಾಲೇಜು ಹುಡುಗರ ತರಗತಿಗೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬಂದಾಗ ಏನಾಗುತ್ತದೆ ಅನ್ನುವ ಅಷ್ಟು ಸಣ್ಣ ವಿಷಯ. ನಮ್ಮ ಮನೆಯಲ್ಲಿ ಸೋದರಸೊಸೆಯಿಂದ ಹಿಡಿದು ಎಪ್ಪತ್ತು ದಾಟಿದ ಮಾವನವರ ತನಕ ಎಲ್ಲರೂ ಒಟ್ಟಿಗೆ ನೋಡಿದೆವು. ಮಾವನವರು ಆಮೇಲೆ ತಮ್ಮ ಹೈಸ್ಕೂಲಿನ ಗೆಳೆಯರ ಬಗ್ಗೆ ಮಾತಾಡಿದರು. ಅವರು ಆ ಹೆಸರುಗಳನ್ನು ಹೇಳಿದ್ದನ್ನು ಮನೆಯಲ್ಲಿ ಯಾರೂ ಮೊದಲು ಕೇಳಿರಲಿಲ್ಲ.

ನೆನಪಿನ ಖುಷಿಗಾಗಿ ಇಂಥದ್ದನ್ನು ನೋಡುವುದು ನನಗೆ ಅಷ್ಟು ಸೇರುವುದಿಲ್ಲ. "ನಮ್ಮ ಕಾಲ ಎಷ್ಟು ಚಂದ ಇತ್ತು" ಅಂತ ಕಣ್ಣೀರು ಒರೆಸಿಕೊಂಡು ಎದ್ದು ಬಂದು, ಅದೇ ರಾತ್ರಿ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಕೂಗಾಡಿದರೆ ಏನು ಉಪಯೋಗ? ಮಕ್ಕಳ ತಲೆಯಲ್ಲಿ ಏನಿದೆ ಅಂತ ಪತ್ತೆ ಹಚ್ಚಲು ಅವರ ಪುಸ್ತಕ ಓದುವುದು ಇನ್ನೂ ಕೆಟ್ಟದ್ದು. ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಬಾಗಲಕೋಟೆಯಲ್ಲಿ ಕೂತು ಇದನ್ನೆಲ್ಲ ಯೋಚಿಸುವಾಗ ಬರೆಯದೇ ಉಳಿದ ಒಂದು ಕಾದಂಬರಿ ನನ್ನನ್ನು ಬಿಡುವುದಿಲ್ಲ. ಇದು ಮುಳುಗಡೆಯ ಊರು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ಅದರ ಹಿನ್ನೀರು ಘಟಪ್ರಭಾ ದಂಡೆಯ ಹಳೇ ಊರಿನೊಳಗೆ ಬರುತ್ತದೆ ಅಂತ ಜನರನ್ನು ಹಂತಹಂತವಾಗಿ ಎಬ್ಬಿಸಿ ನವನಗರಕ್ಕೆ ಕಳಿಸಿದರು. ಓಣಿಗಳಿಗೆ ಹೆಸರಿದ್ದ ಜನಕ್ಕೆ ಸೆಕ್ಟರ್ ನಂಬರು ಬಂತು. ನಮ್ಮ ಪಕ್ಕದ ಮನೆಯವರು ಆಗ ಒಂಬತ್ತನೇತ್ತಾ ಓದುತ್ತಿದ್ದರಂತೆ. ಮನೆಯ ತೊಲೆ, ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದು, ಅಪ್ಪ ಪರಿಹಾರದ ಕಾಗದ ಹಿಡಿದು ಕಚೇರಿಗೆ ಅಲೆದಿದ್ದು, ಅಜ್ಜಿ ಬರಲ್ಲ ಅಂತ ಕಟ್ಟೆ ಮೇಲೆ ಕೂತಿದ್ದು ಎಲ್ಲ ಹೇಳುತ್ತಾರೆ. ಆದರೆ ಅವರ ದನಿ ಬದಲಾಗುವುದು ಗೆಳತಿಯ ವಿಷಯಕ್ಕೆ ಬಂದಾಗ. ಒಂದೇ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗಿ. ಅವಳ ಮನೆಯವರು ದುಡ್ಡು ತಗೊಂಡು ನವನಗರಕ್ಕೆ ಬರದೆ ಬೇರೆ ಊರಿಗೆ ಹೋದರು. ವಿಳಾಸ ಸಿಗಲಿಲ್ಲ. "ಮನಿ ಹೋತು ಅಂತ ಅಪ್ಪಗ ರೊಕ್ಕ ಕೊಟ್ರು. ನಂದೇನ್ ಹೋತು ಅಂತ ಯಾರೂ ಕೇಳಲಿಲ್ರಿ" ಅಂದರು ಒಮ್ಮೆ.

ಮುಳುಗಡೆಯ ಬಗ್ಗೆ ಕಡತಗಳಿವೆ, ಹೋರಾಟದ ಕರಪತ್ರಗಳಿವೆ. ಎಕರೆ, ಮನೆ, ಗಿಡಮರ, ಬಾವಿ ಎಲ್ಲ ಎಣಿಸಿದ್ದಾರೆ. ಹದಿನಾಲ್ಕರ ಹುಡುಗಿಯ ಬೆಂಚಿಗೆ ಕಾಲಮ್ ಇರಲಿಲ್ಲ. ಅದನ್ನು ಹೇಳಬಲ್ಲದ್ದು ಕಾದಂಬರಿ ಒಂದೇ, ಅದೂ ಆ ಹುಡುಗಿಯ ಬಾಯಲ್ಲೇ ಬಂದರೆ. ಇದು ಮುಗಿದುಹೋದ ಮಾತೂ ಅಲ್ಲ. ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದ ದಿನ ಇನ್ನಷ್ಟು ಊರುಗಳು ಏಳಬೇಕು. ಆಗಲೂ ಪರಿಹಾರದ ಸಭೆಗಳಿಗೆ ಹೋಗುವವರು ನಾವು ದೊಡ್ಡವರೇ. ಆ ಸಭೆಗೆ ಹೋಗುವ ಮೊದಲು ಅಂಥ ಒಂದು ಕಾದಂಬರಿ ಓದಿದ್ದರೆ ನಾವು ಕೇಳುವ ಪ್ರಶ್ನೆಗಳೇ ಬದಲಾಗುತ್ತಿದ್ದವು. ಪುನರ್ವಸತಿ ಕೇಂದ್ರದಲ್ಲಿ ನಿವೇಶನ ಹಂಚುವಾಗ ಒಂದೇ ಓಣಿಯ ಮಕ್ಕಳನ್ನು ಒಂದೇ ಕಡೆ ಇಡಲು ಬರುತ್ತದಾ ಅಂತ ಕೇಳಬಹುದಿತ್ತು. ಪರೀಕ್ಷೆ ಮುಗಿಯುವ ತನಕ ಶಾಲೆ ಎಬ್ಬಿಸಬೇಡಿ ಅನ್ನಬಹುದಿತ್ತು.

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ನಮ್ಮ ಈ ಭಾಗ ಕೊಟ್ಟಿದ್ದು ಸಣ್ಣದಲ್ಲ. ವಿಜಯಪುರ ಜಿಲ್ಲೆಯ ಶಂ. ಗು. ಬಿರಾದಾರರ ಪದ್ಯ ಹಾಡದೆ ನಮ್ಮಲ್ಲಿ ಯಾರ ಶಾಲೆಯೂ ಮುಗಿದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 2011ರಿಂದ ಯುವ ಪುರಸ್ಕಾರ. ಯುವ ಪುರಸ್ಕಾರ ಇರುವುದು ಎಳೆಯ ಬರಹಗಾರರಿಗೆ, ಎಳೆಯ ಓದುಗರಿಗಲ್ಲ. ಪದ್ಯ ಹಾಡಿ ಮುಗಿಸಿದ ಹುಡುಗಿ ಹದಿನೈದಕ್ಕೆ ಬಂದಾಗ ಅವಳ ಊರಿನ, ಅವಳ ಭಾಷೆಯ, ಅವಳ ಸಿಟ್ಟಿನ ಕತೆ ಎಷ್ಟು ಸಿಗುತ್ತದೆ? ಅಷ್ಟಿಷ್ಟು ಇದೆ, ಸಾಲದು. ಅದಕ್ಕೇ ನನ್ನ ಸೋದರಸೊಸೆಯ ಟ್ರಂಕಿನಲ್ಲಿ ಟಲ್ಸಾ ಇದೆ, ಬಾಗಲಕೋಟೆ ಇಲ್ಲ. ದೊಡ್ಡವರು ಇಂಥ ಪುಸ್ತಕ ಕೊಂಡು ಓದಿದರೆ ಬರೆಯುವವರಿಗೂ ಅಚ್ಚು ಹಾಕುವವರಿಗೂ ಧೈರ್ಯ ಬರುತ್ತದೆ. ನಮ್ಮಲ್ಲಿ ಪುಸ್ತಕಕ್ಕೆ ದುಡ್ಡು ಕೊಡುವವರು ದೊಡ್ಡವರೇ ತಾನೆ?

ಇಲ್ಲೇ ಒಂದು ಅಪಾಯವೂ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಮೆರಿಕದಲ್ಲಿ ಬೌಕರ್ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿದಾಗ, 12ರಿಂದ 17ರವರಿಗೆ ಅಂತ ಗುರುತು ಮಾಡಿದ ಪುಸ್ತಕಗಳನ್ನು ಕೊಂಡವರಲ್ಲಿ ಶೇ 55ರಷ್ಟು ಜನ 18 ತುಂಬಿದವರಾಗಿದ್ದರು. ಅವರಲ್ಲಿ 30ರಿಂದ 44ರ ನಡುವಿನವರೇ ಜಾಸ್ತಿ. ಹೆಚ್ಚಿನವರು ಮಕ್ಕಳಿಗಲ್ಲ, ತಮಗೇ ಓದಲು ಕೊಂಡವರು. ಇಂಗ್ಲೆಂಡಿನಲ್ಲಿ ಹ್ಯಾರಿ ಪಾಟರ್ ಪುಸ್ತಕಗಳನ್ನು ದೊಡ್ಡವರು ರೈಲಿನಲ್ಲಿ ಸಂಕೋಚವಿಲ್ಲದೆ ಹಿಡಿಯಲಿ ಅಂತ ಬೇರೆ ಹೊದಿಕೆ ಹಾಕಿ ಮಾರಿದರು. ಮಾರುವವರಿಗೆ ಕೊಳ್ಳುವವರು ಯಾರು ಅಂತ ಗೊತ್ತಾದ ಮೇಲೆ ಪುಸ್ತಕವೂ ಮೆಲ್ಲಗೆ ಅವರ ಕಡೆ ವಾಲುತ್ತದೆ. ಕತೆಯ ಹುಡುಗಿಯ ವಯಸ್ಸು ಹದಿನಾಲ್ಕರಿಂದ ಹತ್ತೊಂಬತ್ತಕ್ಕೆ ಏರುತ್ತದೆ. ಅವಳ ಸಂಕಟ ಮೂವತ್ತರವರ ಸಂಕಟವಾಗುತ್ತದೆ. ಹದಿಮೂರರ ಹುಡುಗ ತನ್ನ ಕಪಾಟಿಗೆ ಬಂದರೆ ಅಲ್ಲಿ ಅವನದು ಏನೂ ಇರುವುದಿಲ್ಲ.

ಓದಬೇಡಿ ಅನ್ನುವುದು ಇದಕ್ಕೆ ಉತ್ತರ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಯಾರ ಮನೆಗೆ ಬಂದಿದ್ದೇವೆ ಅನ್ನುವುದು ಓದುವಾಗ ನೆನಪಿರಬೇಕು. ನನಗೆ ಹಿಡಿಸಲಿಲ್ಲ ಅಂದ ಮಾತ್ರಕ್ಕೆ ಆ ಪುಸ್ತಕ ಸೋತಂತೆ ಅಲ್ಲ. ಇದು ಪ್ರೌಢವಾಗಿಲ್ಲ ಅಂತ ದೂರುವ ಹಕ್ಕು ನನಗಿಲ್ಲ. ಸೋದರಸೊಸೆ ಮೆಚ್ಚಿದ ಒಂದು ಕಾದಂಬರಿಯಲ್ಲಿ ಹುಡುಗಿ ತನ್ನ ಗೆಳತಿ ಮಾತು ಬಿಟ್ಟಿದ್ದಕ್ಕೆ ನಲವತ್ತು ಪುಟ ಕೊರಗುತ್ತಾಳೆ. ನನಗೆ ಉದ್ದ ಅನ್ನಿಸಿತು. ಅವಳಿಗೆ ಸಾಲಲಿಲ್ಲ. ಆ ಪುಸ್ತಕದ ಮಟ್ಟಿಗೆ ಅವಳ ಮಾತೇ ಕೊನೆಯದು.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಇದೆ. ಅವಳು ಓದಿದ್ದನ್ನು ನಾನು ಕೇಳಿ ತಗೊಳ್ಳುತ್ತೇನೆ. ಕೊಡದಿದ್ದರೆ ಬಿಡುತ್ತೇನೆ. ಅವಳ ಷರತ್ತು ಒಂದೇ: "ಅತ್ತಿ, ನೀ ಬೇಕಾದ್ದು ಓದು. ಆದ್ರ ಓದಿ ಮುಗಿಸಿದ ಮ್ಯಾಲ ನನಗ ಅದರಾಗಿಂದು ಪಾಠ ಹೇಳಬ್ಯಾಡ." ಒಪ್ಪಿದ್ದೇನೆ. ಪಕ್ಕದ ಮನೆಯವರ ಬೆಂಚಿನ ಕತೆ ಕೇಳಿ ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಾಳೆ. ನನಗೆ ಇನ್ನೂ ತೋರಿಸಿಲ್ಲ, ನಾನೂ ಕೇಳಿಲ್ಲ.